ದೊಡ್ಡ ಬಂಗಲೆಯ ಬಸಳೆ

ಕದ್ರಿ ಗುಡ್ಡದ ಆ ಬಂಗಲೆ ಹತ್ತೊಂಬತ್ತನೇ ಶತಮಾನದ್ದು. ಕಟ್ಟಿಸಿದ ಮನೆತನ ಅದನ್ನು ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರಿಗೆ ಮಾರಿ ಬಹಳ ಕಾಲವಾಯಿತು. ಈಗ ಅವರ ಮಗ ಅಲ್ಲಿ ಅತಿಥಿಗೃಹ ನಡೆಸುತ್ತಾರೆ. ಗೋಡೆಯ ಮೇಲೆ ಚರಿತ್ರೆ ತೂಗುಹಾಕದಿದ್ದರೆ ಹಳೆ ಮನೆಗೆ ಅತಿಥಿಗಳು ಬರುವುದಿಲ್ಲವಂತೆ. ನಿವೃತ್ತ ಕನ್ನಡ ಟೀಚರಾದ ನನಗೆ ಅದನ್ನು ಬರೆಯುವ ಕೆಲಸ ಬಂತು.

ಹಳೆಯ ಮನೆತನದ ಮೊಮ್ಮಗಳು ಬಂದು ಹೇಳಿದ್ದನ್ನು ಬರೆದುಕೊಂಡೆ. ದೇವಸ್ಥಾನದ ಮೊಕ್ತೇಸರರಾದ ದಿನ ಮೀನು ಬಿಟ್ಟ ಅವಳ ಅಜ್ಜ ಮತ್ತೆ ಮುಟ್ಟಲೇ ಇಲ್ಲವಂತೆ. ಅವರಿಗೆ ಬಸಳೆಯೆಂದರೆ ಪ್ರಾಣ. ವಾರಕ್ಕೆ ಮೂರು ದಿನ ಒಬ್ಬ ಹೆಂಗಸು ಹಿಂದಿನ ಬಾಗಿಲಿಗೆ ಬಸಳೆ ತರುತ್ತಿದ್ದಳಂತೆ.

ನನ್ನ ಪೆನ್ನು ನಿಂತಿತು. ಆ ಹೆಂಗಸು ನನ್ನ ಅಮ್ಮ.

ನಮ್ಮದು ಮೀನುಗಾರರ ಮನೆ. ಅಮ್ಮ ಜನ್ಮದಲ್ಲೇ ಸೊಪ್ಪು ಮಾರಿದವಳಲ್ಲ. ಬುಟ್ಟಿಯ ಮೇಲೆ ಎರಡು ಕಟ್ಟು ಬಸಳೆ, ಕೆಳಗೆ ಅಂಜಲ್ ಮೀನು. ಗಂಡ ಸೊರಗುವುದನ್ನು ನೋಡಲಾರದೆ ಆ ಮನೆಯ ಯಜಮಾನಿಯೇ ಹೂಡಿದ ಉಪಾಯ ಅದು. ಯಾರಿಗೂ ಹೇಳುವುದಿಲ್ಲವೆಂದು ಅಮ್ಮನಿಂದ ಮಾತು ತೆಗೆದುಕೊಂಡಿದ್ದರು. ಮೊಕ್ತೇಸರರು ಹಿಂದಿನ ಜಗಲಿಯಲ್ಲಿ ಕೂತು ವ್ರತ ಪಾಲಿಸುತ್ತಿದ್ದರು. ಮುಳ್ಳೆಲ್ಲ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮರ ಚೆನ್ನಾಗಿ ಕಾಯಿ ಬಿಡುತ್ತಿತ್ತು.

ನನ್ನನ್ನು ಓದಿಸಿದ್ದು ಆ ಮೀನಿನ ಬುಟ್ಟಿ. ಚರಿತ್ರೆಯಲ್ಲಿ ಅಮ್ಮ ಮೀನಿನವಳಾಗಿಯೇ ಇರಬೇಕೆಂಬ ಹಟ ನನಗೆ ಹಿಡಿಯಿತು. ಅವಳ ಬಾಯಿಂದಲೇ ಹೇಳಿಸೋಣವೆಂದು ಮರುದಿನ ರಿಕ್ಷಾದಲ್ಲಿ ಬಂಗಲೆಗೆ ಕರೆದುಕೊಂಡು ಹೋದೆ. ಮುಂಬಾಗಿಲು ತೆರೆದಿದ್ದರೂ ಅಮ್ಮ ಸೀದಾ ಹಿಂದಕ್ಕೆ ನಡೆದಳು. ಅಲ್ಲೇ ತಂಗಿದ್ದ ಮೊಮ್ಮಗಳು ಓಡಿಬಂದಳು.

"ಬಸಳೆ ತರ್ತಿದ್ದದ್ದು ನೀವೇನಾ ಅಜ್ಜಿ?"

ಅಮ್ಮ ನನ್ನ ಮುಖ ನೋಡಲಿಲ್ಲ. "ಹೌದು ಮಗಾ, ನಾನೇ. ನಿನ್ನ ಅಜ್ಜನಿಗೆ ಬಸಳೆ ಅಂದ್ರೆ ಎಷ್ಟು ಪ್ರೀತಿ!"

ವಾಪಸು ಬರುವಾಗ ರಿಕ್ಷಾದಲ್ಲಿ ರೇಗಿದೆ. "ಎಂತಮ್ಮ ಇದು? ನಿನ್ನನ್ನು ಸೊಪ್ಪಿನವಳು ಮಾಡಿದ್ರಲ್ಲ!"

"ಆ ಮನೆಯ ಅಮ್ಮ ತೀರಿಹೋದ್ರು ಅಂತ ಕೊಟ್ಟ ಮಾತು ಈಗ ಮುರಿಲಿಕ್ಕುಂಟಾ? ನೀನು ಎಂತ ಬರೆದಿದ್ದಿ, ಓದು."

ಓದಿದೆ: ‘ಒಬ್ಬ ಹೆಂಗಸು ವಾರಕ್ಕೆ ಮೂರು ದಿನ ಬಸಳೆ ತರುತ್ತಿದ್ದಳು.’

ಅಮ್ಮ ಹಾಳೆಯ ಮೇಲೆ ಬೆರಳಿಟ್ಟಳು. "ತಾಜಾ ಅಂತ ಸೇರಿಸು. ಆ ಮನೆಗೆ ಒಂದು ದಿನವೂ ಐಸಿನದ್ದು ಕೊಟ್ಟವಳಲ್ಲ ನಾನು."

ಸೇರಿಸಿದೆ. ಗಾಜಿನ ಚೌಕಟ್ಟಿನೊಳಗೆ ಈಗ ‘ತಾಜಾ ಬಸಳೆ’ ಎಂದಿದೆ. ಅಮ್ಮನಿಗೆ ಅಷ್ಟು ಸಾಕಾಯಿತು. ನನಗೆ ಇನ್ನೂ ಸಾಕಾಗಿಲ್ಲ.