ನಾಲ್ವರು ಮೌನಪ್ಪಂದಿರು, ಒಂದೇ ಸಾಲು

ಇಂದಿಗೂ ನೆನೆದರೆ ಸಿಟ್ಟು ನೆತ್ತಿಗೇರುತ್ತದೆ ನೋಡ್ರಿ. ತಿಂಥಣಿಯ ನಾಲ್ವರು ಮುದುಕರನ್ನು ಕಣ್ಣಿನ ಪೊರೆ ತೆಗೆಸಲು ಯಾದಗಿರಿಯ ಶಿಬಿರಕ್ಕೆ ಕರೆದುಕೊಂಡು ಹೋಗಿದ್ದೆ. ನಾಲ್ವರ ಹೆಸರೂ ಮೌನಪ್ಪ. ಮೌನೇಶ್ವರನ ಗುಡಿಯಿರುವ ಊರಲ್ಲಿ ಮನೆಗೊಬ್ಬ ಮೌನಪ್ಪ ಇರದೆ ಇನ್ನೇನು?

ಕಂಪ್ಯೂಟರ್ ಮುಂದೆ ಕುಳಿತಿದ್ದ ತರುಣ, "ತಿಂಥಣಿ ಮೌನಪ್ಪ ಒಬ್ಬರೇ ಅದಾರ್ರಿ. ಉಳಿದವ್ರು ಮುಂದಿನ ಶಿಬಿರಕ್ಕ ಬರ್ರಿ," ಅಂದ.

"ನಾಕೂ ಹೆಸರು ನಾನೇ ಬರೆಸೇನಲ್ಲೋ!"

"ಒಂದೇ ಸಾಲು ನಾಕು ಸಲ ಇತ್ರಿ ಸರ. ಸಾರ್ಟ್ ಮಾಡಿ ಯುನಿಕ್ ಹೊಡದೆ, ಒಂದೇ ಉಳೀತು."

ನಿವೃತ್ತನಾದ ಮೇಲೆ ಕಂಪ್ಯೂಟರಿನ ಈ ಆಜ್ಞೆಗಳನ್ನು ಕಲಿತು ಕುಣಿದಾಡಿದವನು ನಾನು. ಸಾರ್ಟ್ ಒಂದೇ ತೆರನ ಸಾಲುಗಳನ್ನು ಒತ್ತಟ್ಟಿಗೆ ತರುತ್ತದೆ, ಯುನಿಕ್ ಒಂದನ್ನುಳಿಸಿ ಮಿಕ್ಕವನ್ನು ಅಳಿಸುತ್ತದೆ. ಎಷ್ಟು ಚಂದದ ಕೆಲಸ! ಅದನ್ನು ಮನುಷ್ಯರ ಮೇಲೆ ಹೀಗೆ ಓಡಿಸುವುದೇ?

"ಹಳೇ ಫೈಲ್ ತಗಿ! ಯುನಿಕ್ ಜೋಡಿ ಮೈನಸ್ ಸಿ ಹಾಕು, ಎಷ್ಟು ಸಲ ಅಂತ ಅದೇ ಎಣಿಸ್ತದ!" ಎಂದು ಕಿರುಚಿದೆ.

ಹಾಕಿದ. ಹೆಸರಿನ ಎಡಕ್ಕೆ ನಾಲ್ಕು ಎಂದು ಬಂತು.

"ನಾಕೂ ಮಂದಿಗಿ ಒಂದೇ ಹೆಸರು ಯಾಕಿಟ್ರಿ ಮತ್ತ?" ಎಂದು ನಮ್ಮ ಮೇಲೆಯೇ ರೇಗಿದ.

ಹಿರಿಯ ಮೌನಪ್ಪ ಕೋಲೂರಿಕೊಂಡು ಮುಂದೆ ಬಂದ. "ನಿನ್ನ ಡಬ್ಬಿ ಬರ್ತದಂತ ನಮ್ಮವ್ವಗ ಗೊತ್ತಿರಲಿಲ್ಲಪಾ. ಹೆಸರು ಒಂದಾದ್ರೇನು, ಇವನ ಪೊರಿ ತಗದ್ರ ನನಗ ಕಾಣಸ್ತದೇನು?"

ತರುಣ ನಾಲ್ಕು ಚೀಟಿ ಕೊಟ್ಟ. ಆಮೇಲೆ ನರ್ಸಮ್ಮ ಬಾಗಿಲಿಗೆ ಬಂದು, "ಮೌನಪ್ಪ ಯಾರ್ರೀ?" ಎಂದು ಕೂಗಿದಳು. ನಾಲ್ವರೂ ಒಟ್ಟಿಗೇ ಎದ್ದು ನಿಂತರು. ಈ ಸಲ ಯಾರ ಮೇಲೆ ಸಿಟ್ಟಾಗಬೇಕೋ ನನಗೂ ತಿಳಿಯಲಿಲ್ಲ.