ಬೈಹುಲ್ಲಿನ ಕೋಣೆಗೆ ಬಂದ ಡಾಕ್ಟರು

ಎದೆಯ ಸದ್ದು ಕೇಳುವ ಕೊಳವೆಯ ಬಿಲ್ಲೆಯನ್ನು ಎದೆಗಿಡುವ ಮೊದಲು ಡಾಕ್ಟರು ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ದಪ್ಪ ಬೆರಳು, ಉಗುರಿನಲ್ಲಿ ಅಯೋಡಿನ್ ಕಲೆ. ಮಕ್ಕಳೇ, ಬೆಳ್ಳಾರೆಯ ಆ ಡಾಕ್ಟರು ಇಲ್ಲದಿದ್ದರೆ ನಿಮ್ಮ ಅಪ್ಪ ನನ್ನ ಮಡಿಲಲ್ಲಿ ಬೆಳೆಯುತ್ತಿರಲಿಲ್ಲ.

ಅವನು ಹುಟ್ಟಿದ ವರ್ಷದ ಮಳೆಗಾಲದಲ್ಲಿ ನನಗೆ ಕೆಮ್ಮು, ದಮ್ಮು ಹಿಡಿಯಿತು. ಮನೆಯವರು ಕ್ಷಯ ಎಂದುಕೊಂಡರು. ಮಗುವನ್ನು ನನ್ನಿಂದ ಬಿಡಿಸಿ, ದನದ ಹಟ್ಟಿಯ ಪಕ್ಕದ ಬೈಹುಲ್ಲಿನ ಕೋಣೆಯಲ್ಲಿ ನನಗೆ ಚಾಪೆ ಹಾಕಿದರು. ಬೇರೆ ಬಟ್ಟಲು, ಬೇರೆ ಚೆಂಬು. ಚಳಿಯಾಗದಿರಲಿ ಎಂದು ಅತ್ತೆ ಚಾಪೆಯಡಿಗೆ ಹುಲ್ಲು ಹರಡಿ ಕಿಟಕಿ ಮುಚ್ಚುತ್ತಿದ್ದರು. ಅವರು ಕೆಟ್ಟವರಲ್ಲ. ಆದರೆ ಅಲ್ಲಿ ನನ್ನ ಉಸಿರು ದಿನದಿಂದ ದಿನಕ್ಕೆ ಬಿಗಿಯುತ್ತಾ ಬಂತು. ಗೋಡೆಯಾಚೆ ಮಗು ಅತ್ತರೆ ಹಾಲು ಸೋರಿ ಸೀರೆ ಒದ್ದೆಯಾಗುತ್ತಿತ್ತು, ಎದ್ದು ಹೋಗುವಂತಿರಲಿಲ್ಲ.

ಕೊನೆಗೆ ಡಾಕ್ಟರನ್ನು ಕರೆಸಿದರು. ಯಾವಾಗ ಜಾಸ್ತಿ ಎಂದು ಅವರು ನನ್ನನ್ನೇ ಕೇಳಿದರು. ಗಂಡಸರೆದುರು ನನಗೆ ಬಾಯಿ ಬಾರದು. ಅತ್ತೆ ಉತ್ತರ ಕೊಡತೊಡಗಿದರು.

"ಅಮ್ಮಾ, ನೀವು ಹೇಳಿದ್ರೆ ಸೂಜಿ ನಿಮಗೇ ಚುಚ್ಚಬೇಕಾಗ್ತದೆ!" ಎಂದರು ಡಾಕ್ಟರು.

ನನಗೆ ನಗು ಬಂತು, ನಗುವಷ್ಟು ಉಸಿರಿರಲಿಲ್ಲ. "ಇಲ್ಲಿ ಮಲಗಿದ ಮೇಲೆ ಜಾಸ್ತಿ," ಎಂದೆ.

ಡಾಕ್ಟರು ಒಂದು ಹಿಡಿ ಹುಲ್ಲೆತ್ತಿ ಕೊಡವಿದರು. ಬೂಷ್ಟಿನ ಧೂಳೆದ್ದು ಅವರೇ ಸೀನಿದರು. "ಎಂತ ಮಾರಾಯ್ರೆ, ಇದರೊಳಗೆ ನಾನಾದ್ರೂ ಬದುಕುದುಂಟಾ?" ಎನ್ನುತ್ತಾ ಕೊಳವೆಯನ್ನು ಅತ್ತೆಯ ಕಿವಿಗೇ ಸಿಕ್ಕಿಸಿದರು. "ಉಸಿರು ಬಿಡುವಾಗ ಪೀಪಿ ಊದಿದ ಹಾಗೆ ಕೇಳ್ತದಲ್ಲ? ಇದು ಅಸ್ತಮಾ ಅಂತ ಕಾಣ್ತದೆ."

ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೆ ಎದೆ ಸಡಿಲವಾಯಿತು.

"ಮಗು?" ಎಂದೆ.

"ಕಫ ಪರೀಕ್ಷೆ ಆಗ್ಲಿ. ನಾನೇ ಬಂದು ಹೇಳ್ತೇನೆ. ಅಲ್ಲಿವರೆಗೆ ಜಗಲಿಯಲ್ಲಿ ಮಲಗಿ, ಗಾಳಿ ಉಂಟು."

ಕಫ ಪುತ್ತೂರಿಗೆ ಹೋಯಿತು. ಜಗಲಿಯಿಂದ ತೊಟ್ಟಿಲು ಕಾಣುತ್ತಿತ್ತು. ನೋಡಬಹುದು, ಅಷ್ಟೆ, ಹೊಸ್ತಿಲು ದಾಟುವಂತಿರಲಿಲ್ಲ. ದೂರದಲ್ಲಿದ್ದುದಕ್ಕಿಂತ ಅದೇ ಕಷ್ಟವಾಯಿತು.

ಮುಂದಿನ ವಾರ ಡಾಕ್ಟರು ಬಂದವರು ನೆಟ್ಟಗೆ ಒಳಗೆ ಹೋಗಿ, ಮಗುವನ್ನೆತ್ತಿ ತಂದು ನನ್ನ ಮಡಿಲಲ್ಲಿಟ್ಟರು. ಆಮೇಲೆ ಅತ್ತೆಗೆ ಹೇಳಿದರು: "ಕ್ಷಯ ಇಲ್ಲ. ಇವರ ಬಟ್ಟಲು ಒಳಗೆ ತನ್ನಿ."

ದಮ್ಮು ಮಾತ್ರ ನನ್ನನ್ನು ಬಿಡಲಿಲ್ಲ. ಪ್ರತಿ ಮಳೆಗಾಲ ಮಾತ್ರೆ ಕೊಡುವಾಗ ಅವರದ್ದು ಒಂದೇ ಮಾತು: "ಹೆದರಿ ಉಸಿರು ಒಳಗೆ ಎಳಿಬೇಡಿ. ಮೊದಲು ಹೊರಗೆ ಬಿಡಿ."

ಅವರು ತೀರಿಕೊಂಡ ಸುದ್ದಿ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಹೆಂಗಸರು ಅಂತ್ಯಕ್ರಿಯೆಗೆ ಹೋಗುವ ರೂಢಿ ಇರಲಿಲ್ಲ. ನನ್ನ ಎದೆ ಬಿಗಿಯಿತು. ಉಸಿರನ್ನು ಮೆಲ್ಲನೆ ಹೊರಗೆ ಬಿಟ್ಟೆ. ಆಗ ಶಾಲೆಗೆ ಹೋಗುತ್ತಿದ್ದ ನಿಮ್ಮ ಅಪ್ಪ ಪಕ್ಕದಲ್ಲಿ ಕೂತು, ನನ್ನ ಬಟ್ಟಲಿನಿಂದಲೇ ಮೊಸರನ್ನ ತಿನ್ನುತ್ತಿದ್ದ.