ಹೋದವರ ಬಟ್ಟೆಯಲ್ಲಿ ಇದ್ದವನ ಹೆಸರು

ವಿಮಾನ ಹಾರಿದರೆ ಕತ್ತೆತ್ತಿ ನೋಡುವ ಚಟ ನನಗೆ ಇನ್ನೂ ಹೋಗಿಲ್ಲ. ಹೆಂಡತಿ ನಗುತ್ತಾಳೆ, ನಗಲಿ. ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಹತ್ತಿರದ ನಮ್ಮ ನೇಕಾರರ ಬೀದಿಯ ಮೇಲೆ ಯುದ್ಧವಿಮಾನ ಹಾದರೆ ಗೂಡಿನಲ್ಲಿಟ್ಟ ಲೋಟಗಳು ಗಲಗಲ ಅನ್ನುತ್ತಿದ್ದವು. ಮಗ್ಗದ ಮುಂದೆ ಕೂತ ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ತಲೆ ಕೂಡ ಎತ್ತುತ್ತಿರಲಿಲ್ಲ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು ಎಂಬುದು ಅವಳ ನೀತಿ.

ಆ ನೀತಿ ಮುರಿದದ್ದು ಮಾಧವನಿಂದ. ಧಾರವಾಡದ ಹುಡುಗ, ಹತ್ತಿರದ ವಾಯುನೆಲೆಯಲ್ಲಿ ಪೈಲಟ್. ತಿರುಪ್ಪೂರು ಬಸ್ಸಿನಲ್ಲಿ ನಾನು ತಮ್ಮನ ಜೊತೆ ಆಡಿದ ಮಾತು ಕೇಳಿ, "ಇದು ಯಾವ ಊರಿನ ಕನ್ನಡರೀ?" ಎಂದು ನಕ್ಕ. ಅರ್ಧ ತಮಿಳು ಬೆರೆತ ನಮ್ಮ ಮನೆಮಾತು ಯಾರಿಗಾದರೂ ನಗು ತರಿಸೀತು. ನಾನು ಸಿಟ್ಟಾಗಿ, ಸಿಟ್ಟಿನಲ್ಲೇ ಅವನನ್ನು ಊಟಕ್ಕೆ ಕರೆತಂದೆ. ಆಮೇಲೆ ಅವನು ಬರುವುದು ರೂಢಿಯಾಯಿತು. ಜೊತೆಗೆ ಗೆಳೆಯ ಥಾಮಸ್, ಅವನೂ ಪೈಲಟ್. ಅವನಿಗೆ ಕನ್ನಡ ಒಂದಕ್ಷರ ಬಾರದು, ಅತ್ತೆ ಕರಿದ ಚಕ್ಕುಲಿಯಂಥ ಮುರುಕ್ಕು ಮಾತ್ರ ಚೆನ್ನಾಗಿ ಅರ್ಥವಾಗುತ್ತಿತ್ತು.

ಅವರ ದಳಕ್ಕೆ ವಾರ್ಷಿಕೋತ್ಸವ ಬಂತು. ಗೋಡೆಗೆ ತೂಗಲು ಒಂದು ಬಟ್ಟೆ, ಅದರಲ್ಲಿ ಇಂಗ್ಲಿಷಿನಲ್ಲಿ ಕೆಲವು ಹೆಸರು ನೇಯ್ದುಕೊಡಿ ಎಂದ ಮಾಧವ.

"ಇವರೆಲ್ಲ ಯಾರು ಕಣ್ಣು?" ಎಂದಳು ಅತ್ತೆ. ಮುದ್ದು ಬಂದವರೆಲ್ಲ ಅವಳಿಗೆ ಕಣ್ಣು.

"ನಮ್ಮ ದಳದ ಹಿರ್ಯಾರು, ಅತ್ತಿ."

ದಳದ ಚರಿತ್ರೆ ಅಂದರೆ ಗೆದ್ದ ಯುದ್ಧ, ಸಿಕ್ಕ ಪದಕ ಎಂದು ನಾನೂ ತಿಳಿದಿದ್ದೆ. ಯಾವುದೋ ಸಾಮಾನ್ಯ ಬೆಳಿಗ್ಗೆ ಅಭ್ಯಾಸಕ್ಕೆಂದು ಹಾರಿ ವಾಪಸ್ಸು ಬಾರದವರೇ ಅದರಲ್ಲಿ ಹೆಚ್ಚು ಎಂದು ತಿಳಿದದ್ದು ಆಮೇಲೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೆಸರು ಹಾಕಿ ನೇಯುವ ಬಟ್ಟೆಯ ಕೊನೆಗೆ, ನೇಯಿಸಿದವರ ಹೆಸರನ್ನೂ ಸೇರಿಸಿ ಹರಸುವುದು. ಅತ್ತೆಗೆ ಇಂಗ್ಲಿಷ್ ಬಾರದು. ಮಾಧವನ ಅಂಗಿಯ ಎದೆಪಟ್ಟಿಯ ಮೇಲಿದ್ದ ಅಕ್ಷರಗಳನ್ನು ಸೀರೆಯ ಬುಟ್ಟಾ ನೋಡಿದಂತೆ ನೋಡಿಕೊಂಡು ಹಾಗೇ ಇಳಿಸಿದಳು. ಮಗ್ಗದ ಮೇಲೆ ಅದನ್ನು ಕಂಡ ಥಾಮಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಧವ ನಗಲು ಹೋಗಿ ಬಿಳಿಚಿಕೊಂಡ.

"ಅತ್ತಿ, ಇದು ಸತ್ತವರ ಸಾಲು."

ಅಯ್ಯೋ ಎಂದು ಅತ್ತೆ ಎದೆ ಬಡಿದುಕೊಂಡಳು. "ಇರಲಿ ಬಿಡ್ರಿ, ಮುಂದ ಕೆಲಸಕ್ಕ ಬರ್ತದ" ಎಂದ ಮಾಧವನ ಬೆನ್ನಿಗೊಂದು ಗುದ್ದು ಬಿತ್ತು. ಕೊನೆಯ ಹೆಸರಾದ್ದರಿಂದ ಬಿಚ್ಚಬಹುದಿತ್ತು. ಒಂದೊಂದೇ ಎಳೆಯನ್ನು ಹಿಂದಕ್ಕೆ ತೆಗೆದಳು, ಯಾವುದೂ ಹರಿಯದಂತೆ. ಅಂದಿನಿಂದ ವಿಮಾನದ ಸದ್ದು ಕೇಳಿದರೆ ಅವಳ ಲಾಳಿ ನಿಲ್ಲುತ್ತಿತ್ತು.

ಬಟ್ಟೆ ಮಗ್ಗದಿಂದ ಇಳಿಯುವ ಮುಂಚೆಯೇ ಒಂದು ಬೆಳಿಗ್ಗೆ ಸುದ್ದಿ ಬಂತು. ತೆಂಗಿನ ತೋಟದಲ್ಲಿ ವಿಮಾನ ಬಿದ್ದಿದೆ, ಪೈಲಟ್ ಉಳಿದಿಲ್ಲ. ಯಾರೆಂದು ಹೇಳುವವರಿಲ್ಲ. ಅತ್ತೆ ನೀರೂ ಮುಟ್ಟಲಿಲ್ಲ. "ನನ್ನ ಕೈಯೇ ಅವನನ್ನ ತಿಂತು" ಎಂದು ಅಳುತ್ತಲೇ ಇದ್ದಳು. ನಾನೋ ಓದಿದವನು, ಇಂಥದ್ದನ್ನೆಲ್ಲ ನಂಬದವನು. ಆದರೂ ಬಾಗಿಲಿಗೂ ಬೀದಿಯ ತುದಿಗೂ ಹತ್ತು ಸಲ ಓಡಾಡಿದೆ.

ಸಂಜೆ ಬಾಗಿಲಲ್ಲಿ ಮಾಧವ ನಿಂತಿದ್ದ. ಅತ್ತೆ ಓಡಿಹೋಗಿ ಅವನ ಕೆನ್ನೆ ಹಿಡಿದಳು. "ಸದ್ಯ ಕಣ್ಣು, ಸದ್ಯ! ನೀನಲ್ಲವಲ್ಲ!"

"ಥಾಮಸ್, ಅತ್ತಿ" ಎಂದ ಮಾಧವ.

ಅತ್ತೆಯ ಕೈ ಅವನ ಕೆನ್ನೆಯ ಮೇಲೇ ಉಳಿಯಿತು. ಆಮೇಲೆ ಮಗ್ಗದ ಮುಂದೆ ಕೂತು, ಥಾಮಸನ ಹೆಸರು ಬರೆದುಕೊಡು ಎಂದಳು. ಬಿಚ್ಚಿದ ಜಾಗದಲ್ಲೇ ನೇಯತೊಡಗಿದಳು. ಬದುಕಿದವನನ್ನು ಕಂಡು ಸಂತೋಷಪಟ್ಟರೆ ತಪ್ಪೇನು ಅತ್ತೆ ಎಂದು ನಾನು ಸಮಾಧಾನ ಹೇಳಿದೆ.

"ತಪ್ಪಿಲ್ಲ" ಎಂದಳು. "ಥಾಮಸನ ಅಮ್ಮ ಯಾರನ್ನ ನೋಡಿ 'ಸದ್ಯ' ಅನ್ನಬೇಕು, ಅದನ್ನ ಹೇಳು."